ಮರಿ ಹಾಕದ ಬಾಳೆ

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಅಪ್ಪನಿಗೆ ‘ಬಂಡಲ್ ಮಾಮಾ’ ಎಂದು ಹೆಸರಿತ್ತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅಪ್ಪ ಮೆಟ್ಟಿಲ ಮೇಲೆ ಕೂತು ಗಂಟಲು ಸರಿಮಾಡಿಕೊಂಡರೆ ಸಾಕು, ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡು ನಗಲು ಶುರು ಮಾಡುತ್ತಿದ್ದರು. ಅಪ್ಪನೂ ನಗುತ್ತಿದ್ದ. ಯಾರು ಎಷ್ಟು ನಕ್ಕರೂ ಕತೆಯನ್ನು ಮಾತ್ರ ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ.

ಅಪ್ಪ ರೋಡ್ ರೋಲರ್ ಓಡಿಸುತ್ತಿದ್ದ. ವಿಜಯಪುರದ ಕಡೆಯಿಂದ ಡಾಂಬರಿನ ಕೆಲಸಕ್ಕೆಂದು ಮುಂಬಯಿಗೆ ಬಂದು, ಬುಟ್ಟಿ ಹೊರುತ್ತ ಹೊರುತ್ತ ರೋಲರ್ ಕಲಿತವನು. ನಾನು ಸಣ್ಣ ತರಗತಿಯಲ್ಲಿದ್ದಾಗ ಒಬ್ಬ ಕಂತ್ರಾಟುದಾರನ ಜೊತೆ ಈಶಾನ್ಯದ ಗುಡ್ಡಗಾಡಿಗೆ ಹೋದ. ಅಲ್ಲಿ ಗುಡ್ಡ ಕಡಿದು ರಸ್ತೆ ಮಾಡುವ ಕೆಲಸ. ವರ್ಷಕ್ಕೊಮ್ಮೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ನಾನು ಹೈಸ್ಕೂಲಿಗೆ ಬಂದ ಮೇಲೆ ಕೆಲಸ ಬಿಟ್ಟು ಪೂರ್ತಿ ವಾಪಸಾದ. ಬರುವಾಗ ತಂದದ್ದು ಒಂದು ತಗಡಿನ ಟ್ರಂಕು ಮತ್ತು ಎಂದೂ ಮುಗಿಯದಷ್ಟು ಕತೆ.

ಮಂಗವೊಂದು ಅಪ್ಪನ ಲೋಟದಿಂದ ಚಹಾ ಕುಡಿದು ಲೋಟ ವಾಪಸ್ ಕೊಟ್ಟ ಕತೆ. ಮೋಡದ ಮೇಲೆ ರೋಲರ್ ಓಡಿಸಿದ ಕತೆ. ಈ ಎರಡನೆಯದು ಅಪ್ಪಟ ಬಂಡಲ್, ಮಗಳಾದ ನಾನೇ ಹೇಳುತ್ತೇನೆ. ಆದರೆ ಎಲ್ಲರೂ ಹೆಚ್ಚು ನಗುತ್ತಿದ್ದದ್ದು ಬಾಳೆಯ ಕತೆಗೆ.

“ಆ ಥಂಡ್ಯಾಗ ಬಾಳಿ ಬೆಳಿತೈತಿ,” ಎಂದು ಅಪ್ಪ ಶುರು ಮಾಡುತ್ತಿದ್ದ. “ಮುಂಜಾನೆ ಎದ್ದು ನೋಡಿದ್ರ ಎಲಿ ಮ್ಯಾಲ ಉಪ್ಪು ಚೆಲ್ಲಿದಂಗ ಬರ್ಫ. ಆದ್ರೂ ಸಾಯೂದಿಲ್ಲ. ಹಣ್ಣು ಸುಲದ್ರ ಬಾಯಿಗೆ ಹಾಕ್ಕೊಳ್ಳಾಕ ಏನೂ ಇಲ್ಲ, ತುಂಬ ಕರೇ ಕಲ್ಲಿನಂಥ ಬೀಜ. ಮರಿ ಹಾಕೂದ ಇಲ್ಲ. ಬೀಜದಿಂದ ಹುಟ್ಟಬೇಕು, ಒಂಟಿಯಾಗಿ ಬೆಳೀಬೇಕು. ಕಡದ್ರ ಮುಗೀತು.”

ಇದನ್ನು ಬೇರೆ ಎಲ್ಲಾದರೂ ಹೇಳಿದ್ದರೆ ನಡೆಯುತ್ತಿತ್ತೋ ಏನೋ. ನಮ್ಮ ಕಾಲನಿಯಲ್ಲಿ ತಮಿಳರು, ಮರಾಠಿಯವರು, ನಮ್ಮ ಕಡೆಯವರು, ಎಲ್ಲರಿಗೂ ಬಾಳೆ ಗೊತ್ತು. ಬಿಲ್ಡಿಂಗಿನ ಹಿಂದೆ ಸ್ನಾನದ ನೀರು ಹರಿಯುವ ಗಟಾರದ ಬದಿಯಲ್ಲಿ ಬಾಳೆಯ ಹಿಂಡೇ ಇತ್ತು. ಅದನ್ನು ನೆಟ್ಟವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಪೂಜೆಗೆ ಕಂಬ, ಊಟಕ್ಕೆ ಎಲೆ, ಹಬ್ಬಕ್ಕೆ ಗೊನೆ, ಯಾರು ಬೇಕಾದರೂ ಕಡಿಯಬಹುದಿತ್ತು, ಕೇಳುವ ಪದ್ಧತಿಯೇ ಇರಲಿಲ್ಲ. ಒಂದು ಕಡಿದರೆ ಪಕ್ಕದಲ್ಲಿ ಮೂರು ಎದ್ದಿರುತ್ತಿದ್ದವು. ಇಂಥ ಜನರ ಮುಂದೆ ಹೋಗಿ, ಮರಿ ಹಾಕದ ಬಾಳೆ, ಬೀಜವಿರುವ ಬಾಳೆ, ಬರ್ಫಿನಲ್ಲಿ ಬದುಕುವ ಬಾಳೆ ಎಂದರೆ ಯಾರು ಕಿವಿಗೊಡುತ್ತಾರೆ?

ಅಪ್ಪನಿಗೆ ಅವರ ನಗುವಿನ ಚಿಂತೆ ಇರಲಿಲ್ಲ. ಅವನ ಕಣ್ಣು ಇರುತ್ತಿದ್ದದ್ದು ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕಡೆಗೆ. ಅವ್ವ ನಗುತ್ತಲೂ ಇರಲಿಲ್ಲ. “ಹೂಂ, ಹೇಳ್ರಿ ಹೇಳ್ರಿ, ಕೇಳಾಕ ಬಿಟ್ಟಿ ಮಂದಿ ಅದಾರಲ್ಲ,” ಎಂದು ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದಳು. ಅಪ್ಪ ಇಲ್ಲದ ಆ ವರ್ಷಗಳಲ್ಲಿ ನನ್ನನ್ನೂ ತಮ್ಮನನ್ನೂ ಕಟ್ಟಿಕೊಂಡು, ನಾಲ್ಕು ಮನೆಯ ಪಾತ್ರೆ ತಿಕ್ಕಿ, ಮಳೆಗಾಲದಲ್ಲಿ ಮನೆಯೊಳಗೆ ನುಗ್ಗಿದ ನೀರನ್ನು ಒಬ್ಬಳೇ ತೋಡಿ ಹಾಕಿದವಳು ಅವಳು. ಅವಳ ಪಾಲಿಗೆ ಆ ಗುಡ್ಡ, ಆ ಮಂಗ, ಆ ಬಾಳೆ ಎಲ್ಲ ಅಪ್ಪ ತನ್ನನ್ನು ಬಿಟ್ಟು ಮಾಡಿದ ಮೋಜು. ನಂಬಿದರೆ ಆ ಮೋಜನ್ನು ಒಪ್ಪಿಕೊಂಡಂತಾಗುತ್ತದೆ ಎಂದು ಅವಳು ನಂಬಲೇ ಇಲ್ಲ. ಹಾಗೆಂದು ಅವಳು ಬಾಯಿಬಿಟ್ಟು ಹೇಳಿದ್ದಿಲ್ಲ. ಹೆಣ್ಣುಮಗಳಾಗಿ ನನಗೆ ತಿಳಿದದ್ದು ಅಷ್ಟು. ಅಪ್ಪನಿಗೆ ಮಾತ್ರ ಒಂದೇ ಆಸೆ ಉಳಿದಿತ್ತು: ತನ್ನ ಕತೆಗಳಲ್ಲಿ ಒಂದನ್ನಾದರೂ ಅವ್ವ ಹೌದೆನ್ನಬೇಕು.

ನಾನು ಮದುವೆಯಾಗಿ ಜೋಗೇಶ್ವರಿಗೆ ಬಂದೆ. ಪವಾಯಿಯ ಒಂದು ಆಫೀಸಿನಲ್ಲಿ ಬಿಲ್ಲು ಬರೆಯುವ ಕೆಲಸ. ಬಸ್ಸು ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟರೆ ಎಲ್ಲರ ಹಾಗೆ ನಾನೂ ಮೊಬೈಲ್ ತೆಗೆದು ಬೇಡದ್ದನ್ನೆಲ್ಲ ನೋಡುತ್ತೇನೆ. ಒಂದು ಬೆಳಿಗ್ಗೆ ಹಾಗೆ ನೋಡುತ್ತಿರುವಾಗ ಅಂಗಳದ ಗಿಡಗಳ ಬೀಜ ಮಾರುವವರ ಜಾಹೀರಾತೊಂದು ಕಣ್ಣಿಗೆ ಬಿತ್ತು. ಅದರಲ್ಲಿ ಥಂಡಿ ತಡೆಯುವ ಅಲಂಕಾರದ ಬಾಳೆ, ಬೀಜದಿಂದ ಬೆಳೆಸುವಂಥದ್ದು, ಎಂದಿತ್ತು. ಫೋಟೋದಲ್ಲಿ ಗಡಿಗೆಯಂತೆ ಉಬ್ಬಿದ ಬುಡದ ಬಾಳೆಗಿಡ, ಹಿಂದೆ ಮಂಜಿನ ಗುಡ್ಡ. ಪಕ್ಕದ ಸೀಟಿನವಳು ಬೆಚ್ಚಿ ನೋಡುವಷ್ಟು ಜೋರಾಗಿ ನಾನು ಒಬ್ಬಳೇ ನಕ್ಕೆ. ನಮ್ಮಪ್ಪ ಸುಳ್ಳು ಹೇಳಿರಲಿಲ್ಲ! ಅಲ್ಲೇ ಆರ್ಡರ್ ಮಾಡಿ, ಆಂಟಾಪ್ ಹಿಲ್‌ನ ವಿಳಾಸ ಹಾಕಿದೆ.

ಪೊಟ್ಟಣ ಬಂದ ಭಾನುವಾರ ನಾನು ಮಗನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ಬೀಜಗಳನ್ನು ಅಂಗೈಗೆ ಸುರಿದುಕೊಂಡ. ಬಟಾಣಿಗಿಂತ ದೊಡ್ಡವು, ಕಪ್ಪು, ಮೂಲೆ ಮೂಲೆಯಾಗಿದ್ದವು. ಅಪ್ಪ ಒಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, “ಇದ. ಇದ ಅದು,” ಎಂದ. ಅವ್ವ ಅಡುಗೆ ಮನೆಯಿಂದ ಇಣುಕಿ, “ರೊಕ್ಕಾ ಕೊಟ್ಟು ಕಲ್ಲು ತರಿಸೀಯೇನು?” ಎಂದು ನನ್ನನ್ನು ಬೈದಳು. ನನ್ನ ಮಗ ಮೊಬೈಲಿನ ಫೋಟೋ ತೋರಿಸಲು ಹೋದ. ಅವನಿಗೆ ಕನ್ನಡ ತಿಳಿಯುತ್ತದೆ, ಮಾತಾಡಲು ಮಾತ್ರ ಹಿಂದಿಯೇ ಬೇಕು. “ಅಜ್ಜೀ, ದೇಖೋ ನಾ, ಸಚ್ ಮೇ ಹೋತಾ ಹೈ,” ಎಂದ, ಇಂಥ ಬಾಳೆ ನಿಜಕ್ಕೂ ಇದೆ ಎಂದು.

“ಮೊಬೈಲಿನ್ಯಾಗ ಆನಿನೂ ಹಾರತೈತಿ,” ಎಂದು ಅವ್ವ ಒಳಗೆ ಹೋದಳು.

ಅಪ್ಪನಿಗೆ ಆ ಮರ ಗೊತ್ತಿತ್ತೇ ಹೊರತು ಬೀಜ ಹಾಕುವುದು ಗೊತ್ತಿರಲಿಲ್ಲ. ಥಂಡಿ ಊರಿನ ಬೀಜಕ್ಕೆ ಥಂಡಿಯೇ ಬೇಕು ಎಂದು ತೀರ್ಮಾನಿಸಿ, ಅರ್ಧ ಬೀಜಗಳನ್ನು ಮಣ್ಣಿನ ಸಮೇತ ಒಂದು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟ. ಹಾಲಿನ ಪಕ್ಕದಲ್ಲಿ ಮಣ್ಣು! ಅವ್ವನ ಬಾಯಿ ಕೇಳಬೇಕೆ. ವಾರಗಳು ಕಳೆದವು, ಏನೂ ಹುಟ್ಟಲಿಲ್ಲ. ಕೊನೆಗೆ ಆ ಡಬ್ಬಿಯ ಮಣ್ಣು ಅವ್ವನ ತುಳಸಿಯ ಕುಂಡಕ್ಕೆ ಹೋಯಿತು. ಉಳಿದ ಬೀಜಗಳನ್ನು ಅಪ್ಪ ಕಲ್ಲಿಗೆ ಉಜ್ಜಿ, ಬಿಸಿನೀರಿನಲ್ಲಿ ನೆನೆಹಾಕಿ, ಬಣ್ಣದ ಹಳೆಯ ಡಬ್ಬಿಯೊಂದರಲ್ಲಿ ಹೂತ. ಎದುರಿಗಿಟ್ಟರೆ ಅವ್ವ ಎಸೆದಾಳೆಂದು ಫ್ರಿಜ್ಜಿನ ಹಿಂದೆ ಬಚ್ಚಿಟ್ಟ. ಫ್ರಿಜ್ಜಿನ ಬೆನ್ನು ಸದಾ ಬೆಚ್ಚಗಿರುತ್ತದೆ. ಅಲ್ಲಿ, ಆ ಜೇಡರ ಬಲೆಯ ನಡುವೆ, ಎರಡು ತಿಂಗಳ ಮೇಲೆ ಬರ್ಫಿನೂರಿನ ಬಾಳೆ ಕಣ್ಣುಬಿಟ್ಟಿತು.

ಹುಟ್ಟಿದ್ದು ಒಂದೇ ಒಂದು. ಮೊದಲು ಸುರುಳಿ ಸುತ್ತಿದ ಹುಲ್ಲಿನ ಕಡ್ಡಿಯಂತಿತ್ತು. ಆಮೇಲೆ ಬೆರಳುದ್ದದ ಎಲೆ ಬಿಚ್ಚಿತು. ಅಪ್ಪ ಕಾಲನಿಯವರನ್ನೆಲ್ಲ ಕರೆದು ತೋರಿಸಿದ. ಅವ್ವ ಬಗ್ಗಿ ನೋಡಿ, “ಇದು ಬಾಳಿ ಅಲ್ಲ, ಕಾಬಾಳಿ. ಪಾರ್ಕಿನ್ಯಾಗ ಕೆಂಪು ಹೂವು ಬಿಡತೈತಲ್ಲ, ಅದು,” ಎಂದು ತೀರ್ಪು ಕೊಟ್ಟಳು. ಬೆಳೆಯಲಿ, ಅದೇ ಹೇಳುತ್ತದೆ ಎಂಬ ಧೈರ್ಯ ಅಪ್ಪನಿಗೆ.

ನಮ್ಮದು ಗ್ರೌಂಡ್ ಫ್ಲೋರಿನ ಮನೆ. ಅಡುಗೆ ಮನೆಯ ಬಾಗಿಲ ಹಿಂದೆ ಎರಡಾಳು ಮಲಗುವಷ್ಟು ಜಾಗವಿದೆ. ಕರಿಬೇವು, ತುಳಸಿ, ಅವ್ವನ ಬಟ್ಟೆಯ ಹಗ್ಗ. ಅಲ್ಲೇ ಗೋಡೆಯ ಬದಿಗೆ ಅಪ್ಪ ಸಸಿಯನ್ನು ನೆಟ್ಟ. ಚಳಿಗೆ ಹೆದರದ ಆ ಗಿಡ ಮುಂಬಯಿಯ ಮೇ ತಿಂಗಳಿಗೆ ಹೆದರಿತು. ಎಲೆಯ ಅಂಚು ಕಂದಾಗಿ ಸುರುಟಿಕೊಂಡಿತು. ಅಪ್ಪ ತನ್ನ ಕರೀ ಛತ್ರಿಯನ್ನು ಹಗ್ಗಕ್ಕೆ ಕಟ್ಟಿ ಅದಕ್ಕೆ ನೆರಳು ಮಾಡಿದ. ಗೋಣಿಚೀಲ ಒದ್ದೆ ಮಾಡಿ ಬುಡಕ್ಕೆ ಹೊದಿಸಿದ. ಹೋಗಿಬರುವವರು, “ಮಾಮಾ, ಎಸಿ ಹಾಕಿಸಿಬಿಡಿ,” ಎಂದು ಕಾಡುತ್ತಿದ್ದರು. ಮಳೆ ಬಂತು ನೋಡಿ, ಗಿಡ ಕೇಳಿದ್ದೇ ಅದನ್ನು ಎಂಬಂತೆ ಎದ್ದು ನಿಂತಿತು.

ಮರುವರ್ಷದ ಮಳೆಗಾಲಕ್ಕೆ ಅದು ಅಪ್ಪನನ್ನು ಮೀರಿ ಬೆಳೆದಿತ್ತು. ಇಂದಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ ನನಗೆ. ಬುಡ ನಿಜವಾಗಿಯೂ ಗಡಿಗೆಯ ಹಾಗೆ ಉಬ್ಬಿತ್ತು, ದಿಂಡಿನ ಮೇಲೆ ನೀಲಿ ಬೆರೆತ ಬೂದಿಬಣ್ಣದ ಹಿಟ್ಟು, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಎಲೆಗಳು ಮಾಮೂಲಿ ಬಾಳೆಯಂತೆ ಜೋತು ಬೀಳದೆ ಮೇಲಕ್ಕೆ ನಿಂತಿದ್ದವು. ಭಾನುವಾರಗಳಂದು ನಾನು ಹೋದರೆ ಅಪ್ಪ ಅದರ ಪಕ್ಕ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ನಾನು ಬಾಗಿಲಲ್ಲಿ ಕೂತು ಅವ್ವನಿಗೆ ಸೊಪ್ಪು ಬಿಡಿಸಿಕೊಡುತ್ತಿದ್ದೆ. ಅಂಥ ನೆಮ್ಮದಿಯ ಭಾನುವಾರಗಳು ನನಗೆ ಆಮೇಲೆ ಸಿಕ್ಕಿಲ್ಲ.

ಅವ್ವ ಒಂದು ಹೆಜ್ಜೆ ಸೋತಿದ್ದಳು. “ಬಾಳಿ ಖರೆ,” ಎಂದು ಒಪ್ಪಿದಳು. “ಬೀಜದಿಂದ ಬಂತು, ಅದೂ ಖರೆ. ಕಣ್ಣಾರೆ ನೋಡೇನಿ. ಆದ್ರ ಮರಿ ಹಾಕೂದಿಲ್ಲ ಅಂತೀರಲ್ಲ, ಅದು ಸುಳ್ಳು. ಮರಿ ಹಾಕದ ಬಾಳಿ ಬಾಳಿನ ಅಲ್ಲ. ನಿಮ್ಮ ಥಂಡಿನೂ ಸುಳ್ಳು.”

“ನೋಡ್ತಿರು,” ಎಂದ ಅಪ್ಪ. “ಇನ್ನ ಎರಡು ಮೂರು ವರ್ಷದಾಗ ಹೂವು ಬಿಡತೈತಿ, ಕಾಯಿ ಆಗತೈತಿ. ಅಲ್ಲಿ ಮಟ ಒಂದ ಮರಿ ಬಂದ್ರ ನಾ ಇನ್ನ ಮ್ಯಾಲ ಬಾಯಿನ ತಗಿಯೂದಿಲ್ಲ.” ಹೂ ಬಿಟ್ಟು ಬೀಜವಾಗುವ ತನಕ ಅದು ಒಂಟಿಯಾಗಿ ನಿಲ್ಲಬೇಕು, ಅವ್ವ ಅದನ್ನು ನೋಡಬೇಕು. ಅಪ್ಪ ಅಷ್ಟಕ್ಕೇ ಕಾಯುತ್ತಿದ್ದ.

ನಮ್ಮ ಬಿಲ್ಡಿಂಗಿನಲ್ಲಿ ಪ್ರತಿ ವರ್ಷ ಜನವರಿ ಇಪ್ಪತ್ತಾರಕ್ಕೆ ಬೆಳಿಗ್ಗೆ ಝಂಡಾ, ಸಂಜೆ ಸತ್ಯನಾರಾಯಣ ಪೂಜೆ. ಆ ಸಲ ನನ್ನ ಮನೆಯ ಬಚ್ಚಲು ಮೋರಿಯ ಟೈಲ್ಸ್ ಬದಲಿಸುವ ಕೆಲಸವಿತ್ತೆಂದು ಅಪ್ಪ ಎರಡು ದಿನ ಮೊದಲೇ ಜೋಗೇಶ್ವರಿಗೆ ಬಂದಿದ್ದ. ಕೆಲಸದವರ ತಲೆಯ ಮೇಲೆ ನಿಂತು, ಅವರಿಗೆ ಮಂಗ ಚಹಾ ಕುಡಿದ ಕತೆ ಹೇಳಿ, ಕೆಲಸ ಇನ್ನಷ್ಟು ತಡ ಮಾಡಿಸಿದ. ಪೂಜೆಯ ದಿನ ನಾನು, ಮಗ, ಅಪ್ಪ ಹಾರ್ಬರ್ ಲೋಕಲ್ ಹಿಡಿದು ವಡಾಲಾಕ್ಕೆ ಬಂದು, ಅಲ್ಲಿಂದ ಟ್ಯಾಕ್ಸಿಯಲ್ಲಿ ಕಾಲನಿಗೆ ಬಂದೆವು. ಕಾಂಪೌಂಡಿನಲ್ಲಿ ಪೆಂಡಾಲು ಹಾಕಿತ್ತು, ಹಾಡು ಜೋರಾಗಿತ್ತು.

ಪೆಂಡಾಲಿನ ಬಾಗಿಲಲ್ಲಿ ಆಚೆಗೊಂದು ಈಚೆಗೊಂದು ಬಾಳೆ ಕಟ್ಟಿದ್ದರು. ಆಚೆಯದು ಮಾರ್ಕೆಟ್ಟಿನಿಂದ ತಂದ ಬಡಕಲು ಗಿಡ. ಈಚೆಯದರ ಬುಡ ಗಡಿಗೆಯ ಹಾಗಿತ್ತು.

ನಾನು ಅಪ್ಪನ ಕೈ ಹಿಡಿದುಕೊಂಡೆ. ಚೆಂಡುಹೂವಿನ ಮಾಲೆ, ಮಿಣುಕು ದೀಪದ ಸರ ಎಲ್ಲ ಸುತ್ತಿದ್ದರು. ಯಾರದೋ ಕೈ ತಾಗಿ ದಿಂಡಿನ ಮೇಲಿನ ಹಿಟ್ಟು ಅಲ್ಲಲ್ಲಿ ಅಳಿಸಿಹೋಗಿತ್ತು. ಎರಡನೆಯ ಮಾಳಿಗೆಯ ಮರಾಠಿ ವಹಿನಿ ಆರತಿ ತಟ್ಟೆ ಹಿಡಿದು ಬಂದವಳು ಖುಷಿಯಿಂದ, “ಅಂಕಲ್, ಆಪ್ ಕೇ ಕೇಲೇ ನೇ ಶೋಭಾ ಬಢಾ ದೀ! ಅಪನೇ ಆಪ್ ಖಡಾ ರಹತಾ ಹೈ,” ಎಂದಳು. ನಿಮ್ಮ ಬಾಳೆಯಿಂದ ಶೋಭೆ ಹೆಚ್ಚಿತು, ಅದು ತಾನಾಗಿಯೇ ನಿಲ್ಲುತ್ತದೆ ಎಂದು ಅವಳು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಟಾರದ ಬದಿಯ ಹಿಂಡನ್ನು ಪೈಪು ಹಾಕುವವರು ದೀಪಾವಳಿಗೆ ಮೊದಲೇ ಅಗೆದುಹಾಕಿದ್ದರು. ಇನ್ನೊಂದು ದೊಡ್ಡ ಬಾಳೆ ಎಲ್ಲಿಂದ ತರುವುದು ಎಂದು ಬಂದವರಿಗೆ ಅವ್ವ, ದೇವರ ಕೆಲಸಕ್ಕೆ ಕೇಳುವುದೇನು, ಕಡಿಯಿರಿ ಎಂದಿದ್ದಳು. ತಾನಾಗಿ ನಿಲ್ಲಲಿ ಎಂದು ಅವರು ಉಬ್ಬಿದ ಬುಡದ ಸಮೇತ, ನೆಲದೊಳಕ್ಕೇ ಕೊಯ್ತಾ ಕತ್ತಿ ಹಾಕಿ ಕಡಿದಿದ್ದರು.

ಅಪ್ಪ ಪೆಂಡಾಲಿನೊಳಗೆ ಹೋಗಿ ಕೈಮುಗಿದ. ಪ್ರಸಾದದ ಸಿರಾ ತಿಂದು, ಎಲೆಯನ್ನು ಮಡಿಚಿ, ಕಸದ ಡಬ್ಬಿಗೆ ಹಾಕಿ, ಮನೆಗೆ ನಡೆದ.

“ಏನಾತು?” ಎಂದಳು ಅವ್ವ, ಅಪ್ಪ ಏನೂ ಕೇಳುವ ಮುಂಚೆಯೇ. “ದೇವ್ರಿಗೆ ಕೊಟ್ಟೇನಿ. ತಿಂಗಳೊಳಗ ಮರಿ ಬರತಾವ.”

“ಬರಂಗಿಲ್ಲ,” ಎಂದ ಅಪ್ಪ.

“ಬಾಳಿ ರೀ ಅದು. ಬರತಾವ.”

ಅಪ್ಪ ಬಟ್ಟೆ ಬದಲಿಸಿ ಮಲಗಿಬಿಟ್ಟ. ನನಗೆ ಅವ್ವನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು. ಬೇಕೆಂದೇ ಮಾಡಿದೆ ಎಂದು ಅಂದೇಬಿಟ್ಟೆ. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. “ಮರಿ ಬರಲಿ, ಆಮ್ಯಾಲ ಮಾತಾಡು,” ಎಂದಳು. ಅವಳಿಗೆ ಅಷ್ಟು ಖಾತ್ರಿ ಇತ್ತು. ಹುಟ್ಟಿದಾಗಿನಿಂದ ಕಂಡದ್ದನ್ನು ಬಿಟ್ಟು ಬಂಡಲ್ ಮಾಮಾನ ಮಾತು ನಂಬಿ ಪೂಜೆಗೆ ಬಾಳೆ ಇಲ್ಲವೆನ್ನುವುದು ಅವಳಿಂದ ಆಗುವಂಥದ್ದಾಗಿರಲಿಲ್ಲ. ಅವಳ ಜಾಗದಲ್ಲಿ ನಮ್ಮ ಬಿಲ್ಡಿಂಗಿನ ಯಾವ ಹೆಂಗಸೂ ಅದನ್ನೇ ಮಾಡುತ್ತಿದ್ದಳು ಎಂದು ಈಗ ನನಗನ್ನಿಸುತ್ತದೆ.

ಕಡಿದ ಮಾಮೂಲಿ ಬಾಳೆಯಾದರೆ ಮರುದಿನವೇ ನಡುವಿನಿಂದ ಸುಳಿ ತಳ್ಳುತ್ತದೆ, ಹದಿನೈದು ದಿನದಲ್ಲಿ ಪಕ್ಕದಲ್ಲಿ ಮರಿ ಮೂತಿ ತೋರಿಸುತ್ತದೆ. ಇಲ್ಲಿ ಏನೂ ಆಗಲಿಲ್ಲ. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಅವ್ವ ಅಕ್ಕಿ ತೊಳೆದ ನೀರನ್ನು ಆ ಜಾಗಕ್ಕೆ ಸುರಿಯಲು ಶುರು ಮಾಡಿದಳು. ಅಪ್ಪ ಕಂಡರೆ ಕರಿಬೇವಿಗೆ ಸುರಿದಂತೆ ನಟಿಸುತ್ತಿದ್ದಳು. ಫೋನಿನಲ್ಲಿ ನಾನು ಕೇಳದಿದ್ದರೂ, “ಇನ್ನ ಬಂದಿಲ್ಲ, ಸೆಖಿ ಭಾಳ ಐತಿ, ಮಳಿ ಬಿದ್ರ ಬರತೈತಿ,” ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಒಂದು ದಿನ ಹೋದಾಗ ಅಪ್ಪನ ಕರೀ ಛತ್ರಿಯನ್ನು ಅವಳೇ ಆ ಬರಿಯ ಮಣ್ಣಿನ ಮೇಲೆ ಕಟ್ಟಿದ್ದಳು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಅಪ್ಪ ಮಾತ್ರ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟಿದ್ದ. ಹುಡುಗರು ಕರೆದರೆ, “ಮುಗದಾವಪ್ಪಾ ಕತಿ,” ಎನ್ನುತ್ತಿದ್ದ.

ಮಳೆ ಬಂತು. ಪೈಪಿನವರು ಅಗೆದುಹಾಕಿದ ಗಟಾರದ ಬದಿಯಲ್ಲಿ ಉಳಿದ ಚೂರುಪಾರು ಗಡ್ಡೆಗಳಿಂದ ಬಾಳೆಯ ಹಿಂಡು ಮತ್ತೆ ಗದ್ದಲವೆಬ್ಬಿಸಿ ಎದ್ದಿತು. ಗೋಡೆಯ ಬಿರುಕಿನಲ್ಲಿ ಅಶ್ವತ್ಥ, ನೀರಿನ ಟಾಕಿಯ ಮೇಲೆ ಪಾಚಿ, ಮುಂಬಯಿಯ ಮಳೆಯಲ್ಲಿ ಹುಟ್ಟದೇ ಇರುವುದು ಯಾವುದು? ನಮ್ಮ ಹಿತ್ತಿಲ ಆ ಒಂದು ಗೇಣು ನೆಲ ಮಾತ್ರ ಹಾಗೇ ಇತ್ತು.

ನಾಗರಪಂಚಮಿಗೆ ಉಂಡಿ ಕಟ್ಟಲು ನಾನು ಹೋಗಿದ್ದೆ. ಮಳೆ ತುಸು ನಿಂತಿತ್ತು. ಅವ್ವ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದಕುತ್ತಿದ್ದಳು. ಒಳಗೆ ಉಳಿದಿದ್ದ ಬೇರು ಕೊಳೆತು ಕಪ್ಪಾಗಿ, ಹಿಸುಕಿದರೆ ನೀರಾಗುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವ್ವನ ಮುಖ ನೋಡಲಾರದೆ ಇರಬೇಕು, ತಿಂಗಳುಗಳ ಮೇಲೆ ಮೊದಲ ಸಲ ಅವನು ಕತೆ ತೆಗೆದ.

“ಬರತೈತಿ ತಗೋ. ಅಲ್ಲಿ ಕೆಲವು ಗಿಡ ವರ್ಷ ಬಿಟ್ಟು ಮರಿ ಹಾಕಿದ್ದು ನಾ ನೋಡೇನಿ. ಒಂದಕ್ಕಂತೂ ಐದು ಮರಿ.”

ಅವ್ವ ತಲೆ ಎತ್ತಿದಳು. ಕೈಯ ಮಣ್ಣನ್ನು ಸೀರೆಯ ನೆರಿಗೆಗೆ ಒರೆಸಿಕೊಂಡಳು.

“ಸುಳ್ಳ ಹೇಳಬ್ಯಾಡ್ರಿ,” ಎಂದಳು. “ಅದು ಮರಿ ಹಾಕೂದಿಲ್ಲ. ನೀವು ಮೊದಲ ಹೇಳಿದ್ರಲ್ಲ.”

ಅಪ್ಪ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಇಪ್ಪತ್ತೈದು ಮೂವತ್ತು ವರ್ಷ ಯಾವ ಮಾತಿಗಾಗಿ ಕಾದಿದ್ದನೋ ಅದು ಬಂದಿತ್ತು. ನಾನು ಕೈಯಲ್ಲಿದ್ದ ಉಂಡಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಅವ್ವ ಏಳಲಿಲ್ಲ. ಕೂತಲ್ಲಿಂದಲೇ ಕೇಳಿದಳು, “ಬಾಳಿ ಎಲಿ ಮ್ಯಾಲ ಬರ್ಫ ಬೀಳೂವಂಥ ಥಂಡಿ ಅಂದ್ರ, ನಿಮಗ ಹೊಚಗೊಳ್ಳಾಕ ಏನಿತ್ತ ಅಲ್ಲಿ?”

ಈ ಪ್ರಶ್ನೆಯನ್ನು ನಾವು ಯಾರೂ ಅಪ್ಪನಿಗೆ ಕೇಳಿರಲಿಲ್ಲ. ಅಪ್ಪನೂ ತನ್ನ ಯಾವ ಕತೆಯಲ್ಲೂ ತನಗೆ ಚಳಿಯಾಯಿತೆಂದು ಹೇಳಿರಲಿಲ್ಲ.

“ನೀ ಹೊಲದು ಕೊಟ್ಟ ಕೌದಿ ಇತ್ತಲ್ಲ,” ಎಂದ ಅಪ್ಪ. ಚೌಕಟ್ಟು ಬಿಟ್ಟು ಅವಳ ಪಕ್ಕ ಬಂದು ಕೂತು, “ಸಾಲತಿರಲಿಲ್ಲ,” ಎಂದ.